ಅಂಕಪಟ್ಟಿಯಲ್ಲಿ ಕಾಣದ ವಿದ್ಯೆ

‘ನಾಟಕ ಆಡಿದ್ರೆ ಮಾರ್ಕ್ಸು ಬತ್ತದಾ ಬುದ್ಧಿ?’ ಎಂದು ತಿಪಟೂರು ಸೀಮೆಯ ಭಕ್ತರೊಬ್ಬರು ನಮ್ಮನ್ನು ಕೇಳಿದರು. ಪಿಯುಸಿ ಓದುವ ಮಗನು ಸಂಜೆ ತಾಲೀಮಿಗೆ ಹೋಗುತ್ತಾನೆಂಬುದು ಅವರ ದೂರು. ಬರುವುದಿಲ್ಲವೆಂದೇ ಉತ್ತರವಿತ್ತೆವು. ತಾವು ಗೆದ್ದೆವೆಂದು ಅವರು ನಕ್ಕರು. ಆ ನಗೆಯೇ ಈ ಲೇಖನಕ್ಕೆ ಕಾರಣ.

ಮಗನು ಊಟದ ನಡುವೆ ತಟ್ಟೆ ಬಿಟ್ಟು ಏಳುವುದೇಕೆಂದು ಕೇಳಿದರೆ ಆ ತಂದೆಗೆ ತಿಳಿಯದು. ಮಗನನ್ನು ಕೇಳಿದರೆ ‘ಬೇಜಾರು’ ಎನ್ನುತ್ತಾನೆ. ಅವಮಾನವಾದರೂ ಬೇಜಾರು, ಭಯವಾದರೂ ಬೇಜಾರು, ಅಸೂಯೆಗೂ ಅದೇ ಹೆಸರು. ಭರತನ ನಾಟ್ಯಶಾಸ್ತ್ರವು ರತಿ, ಹಾಸ, ಶೋಕ, ಕ್ರೋಧ, ಉತ್ಸಾಹ, ಭಯ, ಜುಗುಪ್ಸೆ, ವಿಸ್ಮಯಗಳೆಂದು ಎಂಟು ಸ್ಥಾಯೀಭಾವಗಳನ್ನು ಹೇಳಿದ ನಾಡಿನಲ್ಲಿ ತರುಣರಿಗೆ ಉಳಿದಿರುವುದು ಒಂದೇ ಪದ! ತನ್ನೊಳಗಿನದನ್ನು ಹೆಸರಿಸಲರಿಯದವನನ್ನು ವಿದ್ಯಾವಂತನೆನ್ನುವುದು ಹೇಗೆ?

ಮೂಡಲಪಾಯದ ಭಾಗವತರು ಈ ವಿದ್ಯೆಯನ್ನು ಹಳ್ಳಿಹಳ್ಳಿಯಲ್ಲಿ ಕಲಿಸುತ್ತಿದ್ದರು. ಕೌರವನ ವೇಷ ಹಾಕುವವನು ಅವನ ಕೋಪದ ಹಿಂದಿರುವ ಅವಮಾನವನ್ನು ಕಾಣದೆ ಆ ಪಾತ್ರವನ್ನು ಆಡಲಾರನು. ಅನ್ಯರ ದುಃಖವನ್ನು ತನ್ನ ಕಂಠದಲ್ಲಿ ನುಡಿದವನಿಗೆ ತನ್ನ ದುಃಖವೂ ಮೆಲ್ಲನೆ ಪರಿಚಯವಾಗುತ್ತದೆ. 1884ರಲ್ಲಿ ನಾಟಕ ಕಂಪನಿ ಹುಟ್ಟಿದ ಗುಬ್ಬಿಯು ನಮ್ಮ ಜಿಲ್ಲೆಯದೇ. ನೆರೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1987ರಲ್ಲಿ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯರು ಶಿವಕುಮಾರ ಕಲಾಸಂಘವನ್ನು ಸ್ಥಾಪಿಸಿದರು. 1997ರಿಂದ ಶಿವಸಂಚಾರ ತಂಡವು ನಾಡೆಲ್ಲ ತಿರುಗುತ್ತಿದೆ. 2008ರಲ್ಲಿ ರಂಗಶಾಲೆಯೂ ಬಂದಿತು. ಮಠಕ್ಕೇಕೆ ಬಣ್ಣದ ಗೊಡವೆ ಎನ್ನುವವರು ಒಮ್ಮೆ ಅಲ್ಲಿಗೆ ಹೋಗಿ ಬರಲಿ.

2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆಯನ್ನು ಕಡ್ಡಾಯ ವಿಷಯವಾಗಿಸಬೇಕೆಂದಿತು. ಆದರೆ ಎಷ್ಟೋ ಶಾಲೆಗಳಲ್ಲಿ ಚಿತ್ರಕಲೆಯ ಅವಧಿಯನ್ನು ಗಣಿತವು ನುಂಗಿದೆ. ವಾರ್ಷಿಕೋತ್ಸವದಂದು ಸಿನಿಮಾ ಹಾಡಿಗೆ ಕುಣಿಸಿದರೆ ಕಲಾಶಿಕ್ಷಣ ಮುಗಿಯಿತು.

ಅನ್ಯರನ್ನು ದೂರಿ ನಮ್ಮವರನ್ನು ಬಿಡುವುದು ನ್ಯಾಯವಲ್ಲ. ಪ್ರಸಾದ ನಿಲಯವೊಂದರಲ್ಲಿ ಕೋಪವನ್ನು ಕುರಿತ ವಚನವನ್ನು ಕಂಠಪಾಠ ಮಾಡಿ ಪ್ರಥಮ ಬಹುಮಾನ ಪಡೆದ ಬಾಲಕನು ಅದೇ ರಾತ್ರಿ ಜೊತೆಗಾರನನ್ನು ಹೊಡೆದುದನ್ನು ನಾವು ಕಂಡಿದ್ದೇವೆ. ತಪ್ಪು ಬಾಲಕನದಲ್ಲ. ಶರಣರು ತಮ್ಮ ಮನಸ್ಸಿನ ಹೊಯ್ದಾಟವನ್ನು ಮುಚ್ಚಿಡದೆ ನುಡಿದರು. ನಾವು ಅದನ್ನು ಸ್ಪರ್ಧೆಯ ಸರಕಾಗಿಸಿದೆವು. ಆ ವಚನವನ್ನು ಅವನಿಂದ ಅಭಿನಯಿಸಿಸಿ, ‘ನಿನಗೆ ಯಾವಾಗ ಹೀಗಾಯಿತಪ್ಪಾ?’ ಎಂದು ಕೇಳಿದವರೇ ಇರಲಿಲ್ಲ.

ಕಲೆಯು ಸರ್ವರೋಗಕ್ಕೂ ಮದ್ದೆಂದು ನಾವು ಹೇಳುತ್ತಿಲ್ಲ. ನಿದ್ರಾಹಾರ ಬಿಟ್ಟು ಕುಸಿದ ಮಗುವನ್ನು ಮನೋವೈದ್ಯರಲ್ಲಿಗೇ ಕರೆದೊಯ್ಯಬೇಕು. ಆದರೆ ನನಗೆ ಹೀಗಾಗುತ್ತಿದೆ ಎಂದು ಹೇಳುವ ಮಾತಾದರೂ ಮಗುವಿನ ಬಾಯಲ್ಲಿರಬೇಡವೇ?

ನಮ್ಮ ರೈತನು ತೆಂಗಿನಕಾಯಿಯನ್ನು ಹೆಚ್ಚುಕಡಿಮೆ ವರ್ಷಕಾಲ ಅಟ್ಟದಲ್ಲಿಟ್ಟು, ಅಲುಗಿಸಿ, ಕಿವಿಗೊಟ್ಟು, ಒಳಗಿನ ಕೊಬ್ಬರಿಯು ಚಿಪ್ಪು ಬಿಟ್ಟಿದೆಯೆಂದು ಅರಿತ ಮೇಲೆಯೇ ಒಡೆಯುತ್ತಾನೆ. ಕಾಯಿಗೆ ಕೊಡುವ ಕಿವಿಯನ್ನು ಮಗನಿಗೂ ಕೊಡೆಂದು ಆ ಭಕ್ತರಿಗೆ ಹೇಳಿದೆವು. ಅವರು ಈ ಬಾರಿ ನಗಲಿಲ್ಲ. ‘ತಾಲೀಮು ಎಷ್ಟೊತ್ತಿಗೆ ಮುಗೀತದೆ ಬುದ್ಧಿ?’ ಎಂದಷ್ಟೇ ಕೇಳಿದರು.