ಅಂಡಮಾನಿಂದ ಹವಳ ತರಿಸ್ಬೇಡ್ರೇ

ಭದ್ರಾವತಿಯ ನಮ್ಮಕ್ಕನ ಮಗಳು, ಅಳಿಯ ಮೊದಲ್ನೇ ಸಲ ಅಂಡಮಾನಿಗೆ ಹೊರಟಿದಾರೆ. ಇಬ್ರಿಗೂ ಕಾಡು, ಹಕ್ಕಿ ಅಂದ್ರೆ ಪ್ರಾಣ. ಅವರು ಬ್ಯಾಗ್ ತುಂಬೋ ಮುಂಚೆ ನಮ್ಮೋರ ಪಟ್ಟಿ ರೆಡಿ! ಒಬ್ಬರಿಗೆ ಚಿಪ್ಪಿನ ರಾಶಿ, ಅತ್ತಿಗೆಗೆ ಷೋಕೇಸಲ್ಲಿಡೋಕೆ ಬಿಳೀ ಹವಳದ ಕೊಂಬೆ.

ಅಲ್ಲಾ ಮಾರಾಯ್ತೀರಾ, ಹವಳ ಅಂದ್ರೆ ಬರೀ ಕಲ್ಲಲ್ಲ. ಸಣ್ಣ ಸಣ್ಣ ಜೀವಗಳು ಸೇರಿ ಕಟ್ಕೊಂಡ ಮನೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಇರೋ ಪಟ್ಟಿಯಲ್ಲೇ ಹವಳಾನೂ ಇದೆ. ಸಿಕ್ಕಿಬಿದ್ರೆ ಕೇಸು ಆ ಮಕ್ಕಳ ಮೇಲೆ, ನಿಮ್ಮ ಮೇಲಲ್ಲ. ಖಾಲಿ ಚಿಪ್ಪು ತಾನೆ ಅಂತೀರಾ? ಅದ್ರೊಳಗೆ ಹೊಕ್ಕು ಬದುಕೋ ಏಡಿಗಳಿದಾವೆ.

ಲಕ್ಕವಳ್ಳಿಲಿ ಭದ್ರಾ ಹಿನ್ನೀರಿನ ನಡುಗಡ್ಡೆ ಮೇಲೆ ರೀವ ಹಕ್ಕಿಗಳು ಬೇಸಿಗೇಲಿ ಕಾವು ಕೂರ್ತಾವೆ. ನೋಡ್ಕೊಂಡು ಬರೋರಿಗೆ ಒಂದು ಮೊಟ್ಟೆ ಎತ್ಕೊಂಡ್ ಬನ್ನಿ ಅಂತೀವಾ?

ಹೇಳೋದಿದ್ರೆ ಉಪಯೋಗದ್ದು ಹೇಳಿ. ಮಳೆಗಾಲ ಕಳೆದ ಮೇಲೆ ಹೋಗಿ. ಹತ್ತು ಕಡೆ ಓಡ್ಬೇಡಿ, ಹ್ಯಾವ್‌ಲಾಕಲ್ಲೇ, ಅದೇ ಈಗಿನ ಸ್ವರಾಜ್ ದ್ವೀಪದಲ್ಲಿ, ಮೂರು ರಾತ್ರಿ ಇರಿ. ಡಿಸೆಂಬರಲ್ಲಿ ಸಂಜೆ ಐದೂವರೆಗೆಲ್ಲಾ ಕತ್ತಲು, ಅದ್ಕೆ ಬೇಗ ಏಳಿ.

ಅತ್ತಿಗೆ, ಷೋಕೇಸ್ ಖಾಲಿ ಅನ್ಸಿದ್ರೆ ಸಾಗರದಿಂದ ಗಂಧದ ಬೊಂಬೆ ನಾನೇ ತಂದ್ಕೊಡ್ತೀನಿ.