“ಪಿಡಿಎಫ್ ಇದ್ರೆ ಕಳಿಸಿ ಸರ್”: ಪುಸ್ತಕದ ಫೈಲು ಫಾರ್ವರ್ಡ್ ಮಾಡಿದರೆ ತಪ್ಪೇನು?

ಒಂದು ಭಾನುವಾರ ಬೆಳಿಗ್ಗೆ ನಮ್ಮ ಜರಗನಹಳ್ಳಿಯ ವಾಟ್ಸಾಪ್ ಗುಂಪಿಗೆ ಒಂದು ಹೊಸ ಕಾದಂಬರಿಯ ಮುಖಪುಟ ಬಂತು. ಹಾಕಿದವರು “ತುಂಬಾ ಚೆನ್ನಾಗಿದೆ, ಓದಿ” ಎಂದಷ್ಟೇ ಬರೆದಿದ್ದರು. ಐದು ನಿಮಿಷದಲ್ಲಿ ಉತ್ತರ ಬಂತು: “ಪಿಡಿಎಫ್ ಇದ್ರೆ ಕಳಿಸಿ ಸರ್.” ಅದರ ಕೆಳಗೆ “ನನಗೂ”, “ನನಗೂ ಪ್ಲೀಸ್”, ಜೊತೆಗೆ ಕೈಮುಗಿದ ಇಮೋಜಿಗಳು. ಮಧ್ಯಾಹ್ನದ ಹೊತ್ತಿಗೆ ಯಾರೋ ಪುಸ್ತಕದ ಅಷ್ಟೂ ಪುಟಗಳನ್ನು ಮೊಬೈಲಿನಲ್ಲೇ ಸ್ಕ್ಯಾನ್ ಮಾಡಿ ಕಳಿಸಿಯೂ ಬಿಟ್ಟರು.

ಕಳಿಸಿದವರು ದುಡ್ಡು ಮಾಡಲಿಲ್ಲ. ಕೇಳಿದವರು ಕಳ್ಳರಲ್ಲ, ಓದುವ ಆಸೆ ಇರುವವರು. “ಜ್ಞಾನ ಹಂಚಿದಷ್ಟೂ ಹೆಚ್ಚುತ್ತದೆ” ಎನ್ನುವ ಮಾತನ್ನೂ ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಹಾಗಾದರೆ ಇದರಲ್ಲಿ ತಪ್ಪೇನು? ಕಾನೂನು ಏನು ಹೇಳುತ್ತದೆ? ಕಾನೂನು ಬದಿಗಿಟ್ಟು ನೋಡಿದರೂ ಇದು ಸರಿಯೇ?

ಪುಸ್ತಕ ಕೊಡುವುದು ಬೇರೆ, ಪ್ರತಿ ಮಾಡುವುದು ಬೇರೆ

ನೀವು ದುಡ್ಡು ಕೊಟ್ಟು ತಂದ ಪುಸ್ತಕವನ್ನು ಪಕ್ಕದ ಮನೆಯವರಿಗೆ ಓದಲು ಕೊಡಬಹುದು. ಓದಿ ಮುಗಿದ ಮೇಲೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗೆ ಮಾರಬಹುದು. ಇದಕ್ಕೆ ಯಾರ ಅನುಮತಿಯೂ ಬೇಡ. ಏಕೆಂದರೆ ಪುಸ್ತಕ ಒಂದೇ. ಅದು ಅವರ ಕೈಯಲ್ಲಿದ್ದಾಗ ನಿಮ್ಮ ಕೈಯಲ್ಲಿರುವುದಿಲ್ಲ.

ಪಿಡಿಎಫ್ ಹಾಗಲ್ಲ. ನೀವು ಕಳಿಸಿದ ಮೇಲೂ ಅದು ನಿಮ್ಮಲ್ಲೇ ಇರುತ್ತದೆ, ಇನ್ನೂರು ಜನರ ಫೋನಿನಲ್ಲಿ ಇನ್ನೂರು ಹೊಸ ಪ್ರತಿಗಳು ಹುಟ್ಟುತ್ತವೆ. ಪ್ರತಿ ತೆಗೆಯುವ ಮತ್ತು ಹಂಚುವ ಈ ಹಕ್ಕನ್ನೇ ‘ಕೃತಿಸ್ವಾಮ್ಯ’ ಅಥವಾ ಕಾಪಿರೈಟ್ ಎನ್ನುತ್ತಾರೆ. ಅದು ಬರೆದವರದ್ದು, ಅಥವಾ ಅವರು ಬರಹದ ಮೂಲಕ ಒಪ್ಪಿಸಿದ ಪ್ರಕಾಶಕರದ್ದು. ಪುಸ್ತಕ ಕೊಂಡಾಗ ನಮಗೆ ಸಿಗುವುದು ಆ ಒಂದು ಪ್ರತಿ ಮಾತ್ರ.

ಹಾಗಾದರೆ ಜ್ಞಾನಕ್ಕೆ ಬೀಗ ಹಾಕಿದಂತಾಗಲಿಲ್ಲವೇ? ಇಲ್ಲ. ಕೃತಿಸ್ವಾಮ್ಯ ಇರುವುದು ಬರೆದ ರೀತಿಗೆ. ವಿಷಯಕ್ಕೆ, ವಿಚಾರಕ್ಕೆ ಅದು ಅನ್ವಯಿಸುವುದಿಲ್ಲ. ಪುಸ್ತಕದಲ್ಲಿ ಕಲಿತದ್ದನ್ನು ನಿಮ್ಮ ಮಾತಿನಲ್ಲಿ ನೂರು ಜನರಿಗೆ ಹೇಳಿ, ಅದರ ಮೇಲೆ ಜಗಳವಾಡಿ, ಎರಡು ಸಾಲು ಉದ್ಧರಿಸಿ ವಿಮರ್ಶೆ ಬರೆಯಿರಿ. ಯಾರೂ ತಡೆಯುವುದಿಲ್ಲ.

ಒಂದು ಸಣ್ಣ ಲೆಕ್ಕ

ಉದಾಹರಣೆಗೆ, 250 ರೂಪಾಯಿಯ ಒಂದು ಕಾದಂಬರಿ ಎಂದಿಟ್ಟುಕೊಳ್ಳಿ. ಲೇಖಕರಿಗೆ ನೂರಕ್ಕೆ ಹತ್ತರಷ್ಟು ಗೌರವಧನ ಎಂದರೆ ಒಂದು ಪ್ರತಿಗೆ 25 ರೂಪಾಯಿ. ಸಾವಿರ ಪ್ರತಿ ಅಚ್ಚಾಗಿ, ಅಷ್ಟೂ ಖರ್ಚಾದರೆ 25,000 ರೂಪಾಯಿ. ನಮ್ಮ ಏರಿಯಾದಲ್ಲಿ ಒಂದು ಸಾಧಾರಣ ಮನೆಯ ಒಂದು ತಿಂಗಳ ಬಾಡಿಗೆಗೆ ಸರಿಹೋಗಬಹುದಾದ ಮೊತ್ತ. ಬರೆಯಲು ಹಿಡಿದದ್ದು ಎರಡು ವರ್ಷ.

ಪಿಡಿಎಫ್ ಇಳಿಸಿಕೊಂಡವರೆಲ್ಲ ಪುಸ್ತಕ ಕೊಳ್ಳುತ್ತಿದ್ದರು ಎಂದು ಹೇಳಲಾಗದು. ಎಷ್ಟೋ ಜನ ಇಳಿಸಿಕೊಂಡು ತೆರೆದೂ ನೋಡುವುದಿಲ್ಲ. ಆದರೆ ಸಾವಿರ ಪ್ರತಿಯ ಮಾರುಕಟ್ಟೆಯಲ್ಲಿ ನೂರು ಪ್ರತಿ ಕಡಿಮೆಯಾದರೂ ಪೆಟ್ಟು ದೊಡ್ಡದು. ಎರಡನೇ ಮುದ್ರಣ ಬೇಕೋ ಬೇಡವೋ, ಆ ಲೇಖಕರ ಮುಂದಿನ ಪುಸ್ತಕ ತರಬೇಕೋ ಬೇಡವೋ ಎಂದು ಪ್ರಕಾಶಕರು ಯೋಚಿಸುವುದು ಇಂಥ ನೂರು ಪ್ರತಿಗಳ ಲೆಕ್ಕದ ಮೇಲೆಯೇ. ಅಚ್ಚಿನ ಖರ್ಚು, ಪುಟವಿನ್ಯಾಸ, ಕರಡು ತಿದ್ದಿದವರ ಕೂಲಿ ಎಲ್ಲವೂ ಅದರಲ್ಲೇ ಹುಟ್ಟಬೇಕು.

ಹಕ್ಕು ಎಲ್ಲಿಯವರೆಗೆ?

ನಮ್ಮ ದೇಶದಲ್ಲಿ ಇದಕ್ಕಿರುವುದು 1957ರ ಕೃತಿಸ್ವಾಮ್ಯ ಕಾಯ್ದೆ. ಲೇಖಕರು ಬದುಕಿರುವಷ್ಟು ಕಾಲ, ಅವರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ ಮತ್ತೆ 60 ವರ್ಷ ಹಕ್ಕು ಉಳಿಯುತ್ತದೆ. ಮೊದಲು ಇದು 50 ವರ್ಷವಿತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟ್ಯಾಗೋರರ ಕೃತಿಗಳ ಅವಧಿ ಮುಗಿಯುವ ಹೊತ್ತಿಗೆ ಚರ್ಚೆಯಾಗಿ, 1992ರ ತಿದ್ದುಪಡಿಯಲ್ಲಿ 60 ಆಯಿತು. ಸಿನಿಮಾ ಮತ್ತು ಧ್ವನಿಮುದ್ರಣಗಳಿಗೆ ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ.

ಕನ್ನಡದ ಹೆಸರುಗಳನ್ನು ಇಟ್ಟು ನೋಡೋಣ:

- ಬಿ.ಎಂ. ಶ್ರೀಕಂಠಯ್ಯ ತೀರಿಕೊಂಡದ್ದು 1946ರಲ್ಲಿ. ಅವಧಿ 2006ಕ್ಕೆ ಮುಗಿದಿದೆ. ಈಗ ಅವರ ಬರಹ ಎಲ್ಲರದ್ದು.
- ಡಿ.ವಿ. ಗುಂಡಪ್ಪ, 1975. ಅವಧಿ 2035ರ ಕೊನೆಯವರೆಗೆ.
- ಕುವೆಂಪು, 1994. ಅವಧಿ 2054ರ ಕೊನೆಯವರೆಗೆ.
- ಪೂರ್ಣಚಂದ್ರ ತೇಜಸ್ವಿ, 2007. ಅವಧಿ 2067ರ ಕೊನೆಯವರೆಗೆ.

ಅಂದರೆ “ಹಳೇ ಪುಸ್ತಕ, ಲೇಖಕರೂ ಇಲ್ಲ, ಹಂಚಿದರೆ ಏನಾಯ್ತು” ಎನ್ನುವ ಮಾತು ಬಹಳಷ್ಟು ಸಲ ತಪ್ಪು.

ಕಾರಂತರ ಯಕ್ಷಗಾನ ಸುಪ್ರೀಂ ಕೋರ್ಟಿಗೆ ಹೋದದ್ದು

ಲೇಖಕರು ಹೋದ ಮೇಲೂ ಹಕ್ಕು ಉಳಿಯುವುದಕ್ಕೆ ನಮ್ಮಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಕೋಟ ಶಿವರಾಮ ಕಾರಂತರು ಯಕ್ಷಗಾನಕ್ಕೆ ಹೊಸ ರೂಪ ಕೊಟ್ಟು ಬ್ಯಾಲೆ ಕಟ್ಟಿದ್ದರು. 1994ರಲ್ಲಿ ಬರೆದ ಉಯಿಲಿನಲ್ಲಿ ತಮ್ಮ ಕೃತಿಗಳ ಹಕ್ಕನ್ನು ಮಾಲಿನಿ ಮಲ್ಯ ಅವರಿಗೆ ಬಿಟ್ಟರು. 1997ರಲ್ಲಿ ಕಾರಂತರು ತೀರಿಕೊಂಡರು. ಮುಂದೆ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಅವರ ರೂಪದ ಬ್ಯಾಲೆಯನ್ನು 2001ರಲ್ಲಿ ದೆಹಲಿಯಲ್ಲಿ ಆಡಿಸಿದಾಗ, ತಮ್ಮ ಅನುಮತಿ ಇಲ್ಲ ಎಂದು ಮಲ್ಯ ಅವರು ನ್ಯಾಯಾಲಯಕ್ಕೆ ಹೋದರು. ಕೆಳಗಿನ ನ್ಯಾಯಾಲಯವೂ ಹೈಕೋರ್ಟೂ ಅವರ ಪರ ನಿಂತವು. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಹಕ್ಕನ್ನು ಒಪ್ಪಿಕೊಂಡಿತು. ಜೊತೆಗೆ ಒಂದು ಮಾತು ಸೇರಿಸಿತು: ಶಾಲಾ ಕಾಲೇಜಿನ ಒಳಗಿನ ಪ್ರದರ್ಶನದಂಥ, ಕಾಯ್ದೆಯೇ ವಿನಾಯಿತಿ ಕೊಟ್ಟಿರುವ ಸಂದರ್ಭಗಳಿಗೆ ಈ ತಡೆ ಅನ್ವಯಿಸುವುದಿಲ್ಲ.

ಈ ತೀರ್ಪಿನಲ್ಲಿ ಎರಡು ಪಾಠಗಳಿವೆ. ಯಕ್ಷಗಾನ ಎಲ್ಲರ ಸೊತ್ತು, ಆದರೆ ಕಾರಂತರು ಅದರಿಂದ ಕಟ್ಟಿದ ರೂಪ ಕಾರಂತರದ್ದು. ಮತ್ತು ಆ ಹಕ್ಕಿಗೂ ಮಿತಿ ಇದೆ. ಕಲಿಯುವವರಿಗೆ ಕಾಯ್ದೆಯೇ ಜಾಗ ಬಿಟ್ಟಿದೆ.

ಗುಂಪುಗಳಲ್ಲಿ ಓಡಾಡುವ ಕೆಲವು ತಪ್ಪು ನಂಬಿಕೆಗಳು

*“ದುಡ್ಡು ತಗೊಂಡಿಲ್ಲ, ಹಾಗಾಗಿ ತಪ್ಪಲ್ಲ.”* ತಪ್ಪು. ಗೊತ್ತಿದ್ದೂ ಉಲ್ಲಂಘಿಸಿದರೆ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡಿಲ್ಲ ಎಂದಾದರೆ ನ್ಯಾಯಾಲಯ ಶಿಕ್ಷೆ ಕಡಿಮೆ ಮಾಡಬಹುದು, ಅಷ್ಟೇ. ಇದು ಪೊಲೀಸರು ನೇರವಾಗಿ ಕೇಸು ದಾಖಲಿಸಬಹುದಾದ ಅಪರಾಧ ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

*“ಟೆಲಿಗ್ರಾಂನಲ್ಲಿ ಯಾರು ಅಂತ ಗೊತ್ತಾಗಲ್ಲ.”* ಕೋಚಿಂಗ್ ಶಿಕ್ಷಕಿಯೊಬ್ಬರ ನೋಟ್ಸು, ವಿಡಿಯೋಗಳನ್ನು ಚಾನೆಲ್‌ಗಳಲ್ಲಿ ಹಂಚಿದ ಪ್ರಕರಣದಲ್ಲಿ, ಚಾನೆಲ್ ನಡೆಸುವವರ ವಿವರ ಕೊಡಿ ಎಂದು ದೆಹಲಿ ಹೈಕೋರ್ಟು 2022ರಲ್ಲಿ ಆದೇಶಿಸಿತು. ಟೆಲಿಗ್ರಾಂ ಹೆಸರು, ಫೋನ್ ನಂಬರುಗಳನ್ನು ಒಪ್ಪಿಸಿತು.

*“ಗ್ರೂಪ್ ಅಡ್ಮಿನ್‌ನೇ ಜೈಲಿಗೆ ಹಾಕ್ತಾರೆ.”* ಹೀಗೂ ಹೆದರಬೇಕಿಲ್ಲ. ಕೃತಿಸ್ವಾಮ್ಯದ್ದಲ್ಲದ ಬೇರೆ ಪ್ರಕರಣಗಳಲ್ಲಿ ಬಾಂಬೆ ಹೈಕೋರ್ಟು 2021ರಲ್ಲಿ, ಕೇರಳ ಹೈಕೋರ್ಟು 2022ರಲ್ಲಿ, ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆ ಬರುವುದಿಲ್ಲ ಎಂದಿವೆ. ಅಡ್ಮಿನ್ನೇ ಫೈಲು ಹಂಚಿದರೆ ಅದು ಬೇರೆ ಮಾತು.

*“© ಗುರುತು ಇಲ್ಲ, ನೋಂದಣಿಯೂ ಆಗಿಲ್ಲ.”* ಎರಡೂ ಕಡ್ಡಾಯವಲ್ಲ. ಬರೆದ ಕ್ಷಣದಿಂದ ಹಕ್ಕು ಹುಟ್ಟುತ್ತದೆ. ನೀವು ನಿನ್ನೆ ಬರೆದ ಕವನಕ್ಕೂ.

*“ಹಾಡಿನ ಮೂವತ್ತು ಸೆಕೆಂಡು ಬಳಸಬಹುದು.”* ಭಾರತದ ಕಾಯ್ದೆಯಲ್ಲಿ ಇಂಥ ಸೆಕೆಂಡಿನ ಲೆಕ್ಕವೇ ಇಲ್ಲ.

ಓದುವವರ ಕಷ್ಟವೂ ನಿಜ

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳಲೇಬೇಕು. ಸಾರಕ್ಕಿ ಸಿಗ್ನಲ್ ಹತ್ತಿರದ ಜೆರಾಕ್ಸ್ ಅಂಗಡಿಗಳಲ್ಲಿ ನಿಲ್ಲುವ ಹುಡುಗರು ಪುಸ್ತಕಕ್ಕೆ 900 ರೂಪಾಯಿ ಕೊಡಲಾರರು. ಎಷ್ಟೋ ಒಳ್ಳೆಯ ಕನ್ನಡ ಪುಸ್ತಕಗಳು ಮರುಮುದ್ರಣವನ್ನೇ ಕಂಡಿಲ್ಲ. ದುಡ್ಡು ಹಿಡಿದು ಹೋದರೂ ಅವು ಅಂಗಡಿಯಲ್ಲಿ ಸಿಗುವುದಿಲ್ಲ.

ಕಾಯ್ದೆ ಇದನ್ನು ಸ್ವಲ್ಪ ಮಟ್ಟಿಗೆ ಯೋಚಿಸಿದೆ. ಸ್ವಂತ ಓದಿಗೆ, ಸಂಶೋಧನೆಗೆ ಬೇಕಾದಷ್ಟು ನ್ಯಾಯವಾಗಿ ಬಳಸಿಕೊಳ್ಳಬಹುದು. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯೊಂದರ ಮೇಲೆ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಪ್ರಕಾಶಕರು ಕೇಸು ಹಾಕಿದರು. ಪಾಠಕ್ಕೆ ಬೇಕಾದ ಭಾಗಗಳನ್ನು ಪ್ರತಿ ಮಾಡಿ ವಿದ್ಯಾರ್ಥಿಗಳಿಗೆ ಕೊಡುವುದು ಉಲ್ಲಂಘನೆಯಲ್ಲ ಎಂದು 2016ರಲ್ಲಿ ದೆಹಲಿ ಹೈಕೋರ್ಟು ಹೇಳಿತು. ಮರುವರ್ಷ ಪ್ರಕಾಶಕರು ಕೇಸನ್ನೇ ಹಿಂತೆಗೆದುಕೊಂಡರು. ಕಣ್ಣು ಕಾಣದವರಿಗೆ ಓದಲು ಆಗುವಂಥ ರೂಪಕ್ಕೆ ಪುಸ್ತಕವನ್ನು ಬದಲಿಸಿ ಲಾಭವಿಲ್ಲದೆ ಹಂಚಲು 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ.

ಆದರೆ ಪಾಠಕ್ಕೆಂದು ಕೆಲವು ಅಧ್ಯಾಯ ಪ್ರತಿ ಮಾಡುವುದಕ್ಕೂ, ಕಳೆದ ತಿಂಗಳು ಬಿಡುಗಡೆಯಾದ ಕಾದಂಬರಿಯನ್ನು ಇಡಿಯಾಗಿ ಇನ್ನೂರು ಜನರ ಗುಂಪಿಗೆ ಎಸೆಯುವುದಕ್ಕೂ ವ್ಯತ್ಯಾಸವಿದೆ.

ಬರೆದವರೇ ಬಾಗಿಲು ತೆರೆದ ಉದಾಹರಣೆಗಳೂ ಇವೆ. ಕಾದಂಬರಿಕಾರ ನಿರಂಜನರ ಕೃತಿಗಳನ್ನು ಅವರ ಕುಟುಂಬ 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮುಕ್ತಗೊಳಿಸಿತು. ಅದೇ ವರ್ಷ ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಹೀಗೆ ಬಿಡುಗಡೆ ಮಾಡಿತು. ಇವನ್ನು ಹೆಸರು ಹೇಳಿ ಯಾರು ಬೇಕಾದರೂ ಹಂಚಬಹುದು. ಇಲ್ಲೂ ಫೈಲು ಹಂಚಿಕೆಯೇ ನಡೆಯಿತು. ಕೊಡುವ ತೀರ್ಮಾನ ಮಾತ್ರ ಹಕ್ಕಿದ್ದವರದ್ದಾಗಿತ್ತು. ಉಚಿತವೋ ದುಡ್ಡಿಗೋ ಎನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ಕೊಡಬಹುದು ಎಂದು ಹೇಳಿದವರು ಯಾರು?

“ಕೃಪೆ: ವಾಟ್ಸಾಪ್”

ದುಡ್ಡಿನ ಮಾತಿಲ್ಲದ ಬರಹಗಳ ಕಥೆ ಏನು? ಇದು ನನಗೆ ಸ್ವಂತ ಅನುಭವ. ಡೆಂಗಿ ಬಗ್ಗೆ ನಾನೊಂದು ಲೇಖನ ಬರೆದಿದ್ದೆ. ಉಚಿತವಾಗಿ ಓದಲೆಂದೇ ಬರೆದದ್ದು. ಕೆಲವು ತಿಂಗಳ ನಂತರ ಚಿಕ್ಕಮ್ಮ ಅದನ್ನು ನನಗೇ ಕಳಿಸಿದರು: “ಎಷ್ಟು ಚೆನ್ನಾಗಿ ಬರೆದಿದಾರೆ ನೋಡೇ.” ಕೆಳಗೆ ನನ್ನ ಹೆಸರಿರಲಿಲ್ಲ. “ಕೃಪೆ: ವಾಟ್ಸಾಪ್” ಎಂದಿತ್ತು.

ಹೆಸರು ಹೋದದ್ದಕ್ಕೆ ಸ್ವಲ್ಪ ಬೇಜಾರಾಯಿತು, ನಿಜ. ಆಮೇಲೆ ಪೂರ್ತಿ ಓದಿದಾಗ ಭಯವಾಯಿತು. ಆಸ್ಪಿರಿನ್, ಬ್ರೂಫೆನ್ ಥರದ ನೋವಿನ ಮಾತ್ರೆ ತೆಗೆದುಕೊಳ್ಳಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ ಎಂದು ನಾನು ಬರೆದಿದ್ದ ಸಾಲು ಮಾಯವಾಗಿತ್ತು. ಅದರ ಜಾಗದಲ್ಲಿ, ಪರಂಗಿ ಎಲೆಯ ರಸ ಕುಡಿದರೆ ಆಸ್ಪತ್ರೆಗೆ ಹೋಗುವುದೇ ಬೇಡ ಎಂದು ಯಾರೋ ಸೇರಿಸಿದ್ದರು. ಆ ವಾರ ಚಿಕ್ಕಮ್ಮನ ಮನೆಯಲ್ಲೇ ಒಬ್ಬರಿಗೆ ಜ್ವರ. ತಕ್ಷಣ ಫೋನ್ ಮಾಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವಂತೆ ಹೇಳಿದೆ. ಅದೇ ಫಾರ್ವರ್ಡ್ ತಲುಪಿದ ಬೇರೆ ಮನೆಗಳಿಗೆ ಹೇಗೆ ಫೋನ್ ಮಾಡಲಿ?

ಬರಹದ ಕೆಳಗಿನ ಹೆಸರು ಹೆಗ್ಗಳಿಕೆಗೆ ಮಾತ್ರ ಇರುವುದಲ್ಲ. ಅದು ವಿಳಾಸವೂ ಹೌದು. ತಪ್ಪಿದ್ದರೆ ಯಾರನ್ನು ಕೇಳಬೇಕು, ತಿದ್ದುಪಡಿ ಎಲ್ಲಿ ಸಿಗುತ್ತದೆ ಎಂದು ಹೇಳುವುದು ಅದೇ. ಕಾಯ್ದೆಯ 57ನೇ ಸೆಕ್ಷನ್ ಇದನ್ನು ಪ್ರತ್ಯೇಕವಾಗಿ ಕಾಯುತ್ತದೆ: ಕೃತಿಯ ಹಕ್ಕನ್ನು ಮಾರಿದ ಮೇಲೂ ತನ್ನ ಹೆಸರು ಉಳಿಸಿಕೊಳ್ಳುವ, ಹೆಸರಿಗೆ ಕುಂದು ಬರುವಂತೆ ಕೃತಿಯನ್ನು ತಿರುಚಿದರೆ ಪ್ರಶ್ನಿಸುವ ಹಕ್ಕು ಕರ್ತೃವಿಗಿದೆ.

ಫಾರ್ವರ್ಡ್ ಒತ್ತುವ ಮೊದಲು

1. ಬರೆದವರ ಹೆಸರು ಇದೆಯೇ ನೋಡಿ. ಇದ್ದರೆ ಅಳಿಸಬೇಡಿ. ಇಲ್ಲದಿದ್ದರೆ ಒಂದು ಸಾಲನ್ನು ಗೂಗಲ್‌ನಲ್ಲಿ ಹುಡುಕಿ.
2. ಲೇಖನವಾದರೆ ಪೂರ್ತಿ ಪಠ್ಯದ ಬದಲು ಲಿಂಕ್ ಕಳಿಸಿ. ತಿದ್ದುಪಡಿಯಾದರೆ ಅದೂ ತಲುಪುತ್ತದೆ.
3. ಪುಸ್ತಕವಾದರೆ ಮುಖಪುಟ, ಪ್ರಕಾಶಕರ ಹೆಸರು, ಎಲ್ಲಿ ಸಿಗುತ್ತದೆ ಎನ್ನುವುದನ್ನು ಹಂಚಿ. ಇ-ಪುಸ್ತಕ ಇದ್ದರೆ ಅದರ ಕೊಂಡಿ ಕೊಡಿ.
4. ಕೊಳ್ಳಲು ಆಗದಿದ್ದರೆ ಸಾರ್ವಜನಿಕ ಗ್ರಂಥಾಲಯವಿದೆ. ರಾಜ್ಯ ಸರ್ಕಾರದ ಡಿಜಿಟಲ್ ಗ್ರಂಥಾಲಯಕ್ಕೆ ಫೋನಿನಿಂದಲೇ ಸೇರಬಹುದು. ಪಠ್ಯಪುಸ್ತಕಗಳ ಪಿಡಿಎಫ್‌ಗಳನ್ನು ಕರ್ನಾಟಕ ಪಠ್ಯಪುಸ್ತಕ ಸಂಘವೇ ಉಚಿತವಾಗಿ ಕೊಡುತ್ತದೆ.
5. ಪುಸ್ತಕ ಎಲ್ಲೂ ಸಿಗದಿದ್ದರೆ ಲೇಖಕರನ್ನೋ ಕುಟುಂಬದವರನ್ನೋ ಪ್ರಕಾಶಕರನ್ನೋ ಕೇಳಿ. ಮರುಮುದ್ರಣಕ್ಕೆ ಬೇಡಿಕೆ ಇದೆ ಎಂದು ಅವರಿಗೆ ಗೊತ್ತಾಗುವುದೂ ಹೀಗೆಯೇ.

ಅಂದಹಾಗೆ, ನಮ್ಮ ಗುಂಪಿನ ಆ ಕಾದಂಬರಿಯ ಪಿಡಿಎಫ್ ಈಗ ಅಲ್ಲಿಲ್ಲ. ಒಬ್ಬರು ಹಿರಿಯರು “ಇದನ್ನು ಬರೆದವರು ನಮ್ಮ ಗುಂಪಿನಲ್ಲೇ ಇದ್ದಿದ್ದರೆ ಹಾಕ್ತಿದ್ವಾ?” ಎಂದು ಕೇಳಿದರು. ಕಳಿಸಿದವರೇ ಅಳಿಸಿದರು. ಆರು ಜನ ಸೇರಿ ಎರಡು ಪ್ರತಿ ತರಿಸಿದೆವು. ಈಗ ಅವು ಮನೆಯಿಂದ ಮನೆಗೆ ಓಡಾಡುತ್ತಿವೆ. ಅದಕ್ಕೆ ಯಾರ ಅನುಮತಿಯೂ ಬೇಡ.

ಈ ಲೇಖನವನ್ನು ಖಂಡಿತ ಹಂಚಿಕೊಳ್ಳಿ. ಲಿಂಕ್ ಸಮೇತ.