ಎತ್ತಿಗೆ ಜ್ವರ, ಎಮ್ಮೆಗೆ ಬರೆ



ಮನೆಯ ಹಳೆಯ ಗಣಕಯಂತ್ರದಲ್ಲಿ ಅಂತರಜಾಲದ ಸಂಪರ್ಕ ಪದೇ ಪದೇ ಕಡಿದುಹೋಗತೊಡಗಿದರೆ ನಮ್ಮ ಮನೆಗಳಲ್ಲಿ ಹೊರಬೀಳುವ ಮೊದಲ ತೀರ್ಪು ಒಂದೇ: "ಅದಕ್ಕೆ ವಯಸ್ಸಾಯಿತು, ಹೊಸದನ್ನು ತೆಗೆದುಕೊಳ್ಳಿ." ತೀರ್ಪು ನೀಡುವವರು ಸಾಮಾನ್ಯವಾಗಿ ಬೆಂಗಳೂರಿನಲ್ಲೋ ಕಡಲಾಚೆಯಲ್ಲೋ ಇರುವ ಮಕ್ಕಳು, ತಲೆಬಾಗುವವರು ಊರಿನಲ್ಲಿ ಉಳಿದ ತಂದೆತಾಯಿಗಳು. ವಿಚಾರಣೆಯಿಲ್ಲದೆ ಶಿಕ್ಷೆ ವಿಧಿಸುವ ಈ ಪದ್ಧತಿ ಸರಿಯಲ್ಲವೆಂಬುದು ನನ್ನ ಖಚಿತವಾದ ಅಭಿಪ್ರಾಯ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆಯನ್ನು ನಮ್ಮ ಹಿರಿಯರು ಇಂಥ ಸಂದರ್ಭಕ್ಕೆಂದೇ ಕಟ್ಟಿರಬೇಕು.

ಸಂಪರ್ಕ ಕಡಿದಾಗ ಹಿರಿಯರ ಪಾಲಿಗೆ ಏನೇನು ಕಡಿಯುತ್ತದೆಂಬುದನ್ನು ತಾವು ಸ್ವಲ್ಪ ಯೋಚಿಸಬೇಕು. ಭಾನುವಾರ ಮೊಮ್ಮಕ್ಕಳ ಮುಖ ಕಾಣುವುದು ಆ ಪರದೆಯ ಮೇಲೆ. ಬ್ಯಾಂಕಿನ ಲೆಕ್ಕ, ರೈಲಿನ ಟಿಕೆಟ್ಟು, ವಿದ್ಯುತ್ ಬಿಲ್ಲು ಎಲ್ಲವೂ ಅಲ್ಲಿಯೇ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. "ಹಳೆಯದಾಯಿತು, ಇನ್ನೇನು ಕೆಲಸ ಮಾಡೀತು" ಎಂಬ ಮಾತನ್ನು ಮಗ ಯಂತ್ರವನ್ನು ಕುರಿತು ಹೇಳಿದರೆ, ಎಪ್ಪತ್ತೈದರ ತಂದೆ ಅದನ್ನು ತನ್ನನ್ನು ಕುರಿತೇ ಹೇಳಿದಂತೆ ಕೇಳಿಸಿಕೊಳ್ಳುತ್ತಾನೆ. "ನಾನೇ ಏನೋ ತಪ್ಪು ಗುಂಡಿ ಒತ್ತಿರಬೇಕು" ಎಂದುಕೊಂಡು ಯಂತ್ರಕ್ಕೆ ಬಟ್ಟೆ ಹೊದಿಸಿಬಿಡುತ್ತಾನೆ. ಹಾಗೆ ಬಟ್ಟೆ ಹೊದಿಸಿದ ಯಂತ್ರಗಳನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಎಂಟನೆಯ ತರಗತಿಯ ವಿದ್ಯುನ್ಮಂಡಲದ ಪಾಠ ತಮಗೆ ನೆನಪಿರಬಹುದು. ಬಲ್ಬು ಉರಿಯದಿದ್ದರೆ ಕೂಡಲೇ ಅದನ್ನು ಎಸೆಯುತ್ತಿದ್ದೆವೇ? ಕೋಶ, ತಂತಿ, ಸ್ವಿಚ್ಚು, ಹೋಲ್ಡರು ಎಂದು ಒಂದೊಂದನ್ನೇ ಪರೀಕ್ಷಿಸುತ್ತಿದ್ದೆವು. ಅಂತರಜಾಲವೂ ಅಂಥದೇ ಒಂದು ಸರಪಳಿ. ಬೀದಿಯ ಕಂಬದಿಂದ ಬರುವ ತಂತಿ, ಗೋಡೆಯ ಮೇಲಿನ ಮೋಡೆಮ್, ಸಂಪರ್ಕವನ್ನು ಹಂಚುವ ರೂಟರ್, ಅಲ್ಲಿಂದ ಯಂತ್ರದವರೆಗಿನ ಕೇಬಲ್ ಅಥವಾ ವೈಫೈ, ಅನಂತರ ಯಂತ್ರದೊಳಗಿನ ಜಾಲಕಾರ್ಡು, ವಿಂಡೋಸ್, ಬ್ರೌಸರ್. ಇಷ್ಟು ಕೊಂಡಿಗಳಲ್ಲಿ ಗಣಕಯಂತ್ರದ್ದು ಕಡೆಯ ಸರದಿ. ಪರದೆ ಅದರದ್ದಾಗಿರುವುದರಿಂದ ದೋಷವೆಲ್ಲ ಅಲ್ಲಿ ಕಾಣಿಸಿಕೊಳ್ಳುತ್ತದೆ, ಅಪವಾದವೂ ಅದಕ್ಕೇ ತಗಲುತ್ತದೆ.

ಆದ್ದರಿಂದ ಮೊದಲ ಪ್ರಶ್ನೆ ಹೀಗಿರಲಿ: ಸಂಪರ್ಕ ಕಡಿದ ಕ್ಷಣದಲ್ಲಿ, ಅದೇ ವೈಫೈಗೆ ಜೋಡಿಸಿದ ಮೊಬೈಲಿನಲ್ಲಿಯೂ ಕಡಿಯಿತೇ? ಈ ಪರೀಕ್ಷೆಯ ಸಮಯದಲ್ಲಿ ಮೊಬೈಲಿನ ಸ್ವಂತ ಡೇಟಾ ಆರಿಸಿರಬೇಕು, ಇಲ್ಲವಾದರೆ ಅದು ಸದ್ದಿಲ್ಲದೆ ಬೇರೆ ದಾರಿ ಹಿಡಿದು ನಮ್ಮನ್ನು ದಾರಿ ತಪ್ಪಿಸುತ್ತದೆ. ಎರಡರಲ್ಲಿಯೂ ಕಡಿದಿದ್ದರೆ ಗಣಕಯಂತ್ರ ನಿರಪರಾಧಿಯೆಂದು ಬಹುಮಟ್ಟಿಗೆ ತೀರ್ಮಾನಿಸಬಹುದು. ಎರಡನೆಯ ಪ್ರಶ್ನೆ: ಆಗ ಮೋಡೆಮ್ಮಿನ ದೀಪಗಳು ಹೇಗಿದ್ದವು? ಫೈಬರ್ ಸಂಪರ್ಕದ ಪೆಟ್ಟಿಗೆಯಲ್ಲಿ 'ಲಾಸ್' ಎಂಬ ದೀಪ ಕೆಂಪಾಗಿದ್ದರೆ ಹೊರಗಿನಿಂದ ಬೆಳಕಿನ ಸಂಕೇತವೇ ಬರುತ್ತಿಲ್ಲವೆಂದು ಅರ್ಥ. ಎಳೆ ಎಲ್ಲೋ ಮಡಚಿದೆ ಅಥವಾ ತುಂಡಾಗಿದೆ. ಅದು ಸಂಸ್ಥೆಯವರ ಕೆಲಸ. ಎಲ್ಲ ದೀಪಗಳೂ ಆರಿ ಮತ್ತೆ ಒಂದೊಂದಾಗಿ ಹೊತ್ತಿಕೊಂಡರೆ ಪೆಟ್ಟಿಗೆಗೆ ವಿದ್ಯುತ್ತು ಸರಿಯಾಗಿ ಸಿಗುತ್ತಿಲ್ಲ. ಎಲ್ಲರೂ ಮೊದಲು ಮಾಡುವ ಕೆಲಸವೆಂದರೆ ಮೋಡೆಮ್ ಆರಿಸಿ ಹಚ್ಚುವುದು. ಅದರಿಂದ ಸಂಪರ್ಕ ಮರಳಬಹುದು, ಆದರೆ ಸಾಕ್ಷ್ಯ ಅಳಿಸಿಹೋಗುತ್ತದೆ. ದೀಪಗಳನ್ನು ನೋಡಿ ಬರೆದುಕೊಂಡ ಮೇಲೆ ಆರಿಸಿರಿ.

ನನಗೆ ಪರಿಚಿತರಾದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಮನೆಯಲ್ಲಿ 2012ರಲ್ಲಿ ಕೊಂಡ ಗಣಕಯಂತ್ರವಿತ್ತು. ಸಂಪರ್ಕ ಕಡಿಯುತ್ತಿದೆಯೆಂದು ವಿದೇಶದ ಮಗ ಹೊಸದೊಂದನ್ನು ಕಳುಹಿಸಿಕೊಟ್ಟ. ಅದರಲ್ಲಿಯೂ ಕಡಿಯಿತು! ಒಂದು ನೋಟುಪುಸ್ತಕ ಇಟ್ಟುಕೊಂಡು ಕಡಿದ ಹೊತ್ತನ್ನು ಬರೆಯುವಂತೆ ನಾನು ಸೂಚಿಸಿದೆ. ವಾರದ ಕೊನೆಗೆ ಪುಟ ನೋಡಿದ ಅವರ ಪತ್ನಿ ನಕ್ಕು, "ಇದೆಲ್ಲ ನಾನು ನೀರಿನ ಮೋಟಾರು ಹಾಕುವ ಹೊತ್ತಲ್ಲವೇ?" ಎಂದರು. ಮೋಟಾರು ಆರಂಭವಾಗುವಾಗ ಮನೆಯ ವೋಲ್ಟೇಜು ಕ್ಷಣಕಾಲ ಕುಗ್ಗುತ್ತಿತ್ತು. ರೂಟರಿನ ಹಳೆಯ ಅಡಾಪ್ಟರು ಅದನ್ನು ತಡೆಯಲಾರದೆ ರೂಟರು ಮರುಚಾಲನೆಗೊಳ್ಳುತ್ತಿತ್ತು. ಅಷ್ಟೇ ವೋಲ್ಟಿನ, ಸಾಕಷ್ಟು ಆಂಪಿಯರಿನ ಹೊಸ ಅಡಾಪ್ಟರು ಹಾಕಿದ ಮೇಲೆ ಎರಡೂ ಯಂತ್ರಗಳು ನೆಟ್ಟಗಾದವು. ಸಾವಿರಾರು ರೂಪಾಯಿ ಕಂಡುಹಿಡಿಯಲಾರದ್ದನ್ನು ಒಂದು ನೋಟುಪುಸ್ತಕ ಕಂಡುಹಿಡಿಯಿತು.

ಮೊಬೈಲಿನಲ್ಲಿ ಸಂಪರ್ಕ ಉಳಿದು ಗಣಕಯಂತ್ರದಲ್ಲಿ ಮಾತ್ರ ಕಡಿಯುತ್ತಿದ್ದರೆ ಆಗ ಯಂತ್ರದ ಕಡೆ ತಿರುಗೋಣ. ವೈಫೈ ಬಿಟ್ಟು ಕೇಬಲಿನಲ್ಲಿ ಒಂದು ದಿನ ಜೋಡಿಸಿ ನೋಡಿರಿ. ಕೇಬಲಿನಲ್ಲಿ ನಿಂತರೆ ದೋಷ ಗಾಳಿಯ ದಾರಿಯದು. ಹಳೆಯ ಯಂತ್ರಗಳ ವೈಫೈ ಅನೇಕ ವೇಳೆ 2.4 ಗಿಗಾಹರ್ಟ್ಸ್ ಪಟ್ಟಿಯೊಂದನ್ನೇ ಬಲ್ಲದು. ಅಕ್ಕಪಕ್ಕದ ಮನೆಗಳ ರೂಟರುಗಳು, ಬ್ಲೂಟೂತ್ ಸಾಧನಗಳು, ಮೈಕ್ರೋವೇವ್ ಒಲೆ ಎಲ್ಲವೂ ಅದೇ ಪಟ್ಟಿಯಲ್ಲಿ ಗದ್ದಲ ಮಾಡುತ್ತವೆ. ರೂಟರಿನಲ್ಲಿ 1, 6, 11 ಈ ಮೂರರಲ್ಲಿ ಗದ್ದಲ ಕಡಮೆಯಿರುವ ಚಾನೆಲ್ ಆರಿಸಿದರೆ ಎಷ್ಟೋ ಗುಣವಾಗುತ್ತದೆ. ಕೇಬಲಿನಲ್ಲಿಯೂ ಕಡಿದರೆ ಅದರ ತುದಿಯ ಪ್ಲಾಸ್ಟಿಕ್ ಕೊಕ್ಕೆ ಮುರಿದಿದೆಯೇ ನೋಡಿರಿ. ಮುರಿದಿದ್ದರೆ ಮೇಜು ಅಲುಗಿದಾಗಲೆಲ್ಲ ಸಂಪರ್ಕವೂ ಅಲುಗುತ್ತದೆ.

ಯಂತ್ರದೊಳಗೆ ನೋಡಬೇಕಾದ ಸಂಗತಿಗಳು ಮುಖ್ಯವಾಗಿ ಮೂರು. ಮೊದಲನೆಯದು, ವಿದ್ಯುತ್ ಉಳಿಸಲೆಂದು ವಿಂಡೋಸ್ ತಾನಾಗಿಯೇ ಜಾಲಕಾರ್ಡನ್ನು ಮಲಗಿಸುವ ಆಯ್ಕೆ. ಡಿವೈಸ್ ಮ್ಯಾನೇಜರಿನಲ್ಲಿ ಆ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ಗುರುತು ತೆಗೆದರೆ ಸಾಕು. ಎರಡನೆಯದು, ರೂಟರಿನ ಭದ್ರತೆ. 2018ರಲ್ಲಿ ಬಂದ ಡಬ್ಲ್ಯೂಪಿಎ3 ಪದ್ಧತಿಯನ್ನು ಮಾತ್ರ ರೂಟರಿನಲ್ಲಿ ಇಟ್ಟಿದ್ದರೆ ಹಳೆಯ ಕಾರ್ಡುಗಳಿಗೆ ಆ ಭಾಷೆ ತಿಳಿಯದು; ಡಬ್ಲ್ಯೂಪಿಎ2 ಸಹ ಒಪ್ಪುವ ಮಿಶ್ರ ಆಯ್ಕೆ ಇಡಬೇಕು. ಮೂರನೆಯದು ಬಲು ಸೊಗಸಿನ ದೋಷ. ಯಂತ್ರದ ಒಳಗೆ ನಾಣ್ಯದಾಕಾರದ 3 ವೋಲ್ಟಿನ ಒಂದು ಕೋಶವಿದೆ. ಅದು ಸತ್ತರೆ, ವಿದ್ಯುತ್ತು ತಪ್ಪಿದಾಗಲೆಲ್ಲ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಸರಿಯುತ್ತದೆ. ಸುರಕ್ಷಿತ ತಾಣಗಳ ಪ್ರಮಾಣಪತ್ರಗಳಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುವುದರಿಂದ ತಾಣಗಳು ತೆರೆಯಲೊಲ್ಲವು. ಜನ ಅದನ್ನೂ "ನೆಟ್ ಹೋಯಿತು" ಎನ್ನುತ್ತಾರೆ! ಪರದೆಯ ಮೂಲೆಯ ದಿನಾಂಕ ನೋಡಿದರೆ ರೋಗ ಗೊತ್ತಾಗುತ್ತದೆ. ಔಷಧಿ ಆ ಪುಟ್ಟ ಕೋಶ, ಬೆಲೆಯೂ ಅಲ್ಪ.

ಯಾವುದನ್ನೇ ಮಾಡಿದರೂ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಕೇಬಲು, ಚಾನೆಲ್ಲು, ಅಡಾಪ್ಟರು ಮೂರನ್ನೂ ಒಂದೇ ಸಂಜೆ ಬದಲಿಸಿದರೆ ಗುಣವಾದರೂ ಯಾವುದರಿಂದ ಗುಣವಾಯಿತೆಂದು ತಿಳಿಯದು. ಪ್ರಯೋಗಾಲಯದಲ್ಲಿ ನಾನು ದಿನವೂ ಹೇಳುತ್ತಿದ್ದ ಮಾತು ಇದೇ.

"ಮೇಷ್ಟ್ರೇ, ನಮ್ಮ ಸಮಯಕ್ಕೂ ಬೆಲೆಯಿಲ್ಲವೇ? ಹೊಸದು ಕೊಂಡರೆ ತಲೆನೋವೇ ಇಲ್ಲ" ಎಂದು ತಮ್ಮಲ್ಲಿ ಕೆಲವರು ವಾದಿಸಬಹುದು. ಆ ಮಾತಿನಲ್ಲಿ ಅರ್ಧ ಸತ್ಯವುಂಟು. ವಿಂಡೋಸ್ 7ಕ್ಕೆ ಭದ್ರತಾ ಬೆಂಬಲ 2020ರ ಜನವರಿ 14ರಂದು ನಿಂತಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬೆಂಬಲ ನಿಂತ ಯಂತ್ರದಲ್ಲಿ ಸಂಪರ್ಕ ಎಷ್ಟೇ ಗಟ್ಟಿಯಾಗಿದ್ದರೂ ಬ್ಯಾಂಕಿನ ವ್ಯವಹಾರ ಮಾಡಕೂಡದು. ಅಲ್ಲಿ ಲಿನಕ್ಸ್ ಹಾಕಿಕೊಡಿರಿ, ಅದು ಒಗ್ಗದಿದ್ದರೆ ಹೊಸದನ್ನು ಕೊಳ್ಳಿರಿ. ನಿವೃತ್ತಿಗೆ ನನ್ನ ವಿರೋಧವಿಲ್ಲ, ನಾನೂ ನಿವೃತ್ತನೇ. ಆದರೆ ಆ ನಿವೃತ್ತಿಗೆ ತಕ್ಕ ಕಾರಣವಿರಬೇಕು. ರೂಟರಿನ ತಪ್ಪಿಗೆ ಯಂತ್ರವನ್ನು ಮನೆಯಿಂದ ಹೊರಹಾಕಿದರೆ ಹೊಸ ಯಂತ್ರಕ್ಕೂ ಅದೇ ಗತಿ.

ಆದುದರಿಂದ ದೂರದಲ್ಲಿರುವ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಹೊಸ ಯಂತ್ರದ ಪಾರ್ಸೆಲ್ ಕಳುಹಿಸುವ ಮೊದಲು ಅಪ್ಪ ಅಮ್ಮನಿಗೆ ಒಂದು ಗಂಟೆ ಕೊಡಿರಿ. ಯಾವ ದೀಪ ಏನು ಹೇಳುತ್ತದೆ, ಕಡಿದಾಗ ಮೊಬೈಲಿನಲ್ಲಿ ಏನು ನೋಡಬೇಕು ಎಂಬುದನ್ನು ಕಾಗದದ ಮೇಲೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿರಿ. "ನಿಮ್ಮ ಇಂಟರ್ನೆಟ್ ಸರಿಮಾಡುತ್ತೇವೆ" ಎಂದು ತಾವಾಗಿಯೇ ಕರೆಮಾಡುವ ಅಪರಿಚಿತರಿಗೆ ಯಂತ್ರದ ಹಿಡಿತ ಬಿಟ್ಟುಕೊಡಬಾರದೆಂದು ಅದರ ಕೆಳಗೆ ಕೆಂಪು ಶಾಯಿಯಲ್ಲಿ ಸೇರಿಸಿರಿ. ಮುಂದಿನ ಸಲ ಸಂಪರ್ಕ ಕಡಿದಾಗ ತಂದೆಯವರು ಫೋನು ಮಾಡಿ, "ನೋಡಪ್ಪಾ, ಲಾಸ್ ದೀಪ ಕೆಂಪಗಿದೆ, ಕಂಪನಿಯವರಿಗೆ ದೂರು ಕೊಟ್ಟಾಯಿತು" ಎಂದು ತಾವಾಗಿಯೇ ಹೇಳುವಂತಾದರೆ, ತಾವು ಕೊಟ್ಟ ಆ ಒಂದು ಗಂಟೆ ಸಾರ್ಥಕ.